ಬಾಣಂತಿ ಕೋಣೆಗೆ ಏನು ಬೇಕು, ಏನು ಬೇಡ

ಸೀಮಂತ ಮುಗಿಯುತ್ತಿದ್ದಂತೆ ಮನೆಯಲ್ಲಿ ಒಂದು ಪಟ್ಟಿ ಬೆಳೆಯತೊಡಗುತ್ತದೆ. ಅಜ್ಜಿ ಹೇಳುವುದು ಹಳೆಯ ಹತ್ತಿ ಸೀರೆ, ಒಳಲೆ, ಸಬ್ಬಸಿಗೆ, ಬೆಳ್ಳುಳ್ಳಿ. ಮೊಮ್ಮಗಳ ಫೋನು ತೋರಿಸುವುದು ಎಲೆಕ್ಟ್ರಿಕ್ ಪಂಪು, ಹಾಲು ತುಂಬಿಡುವ ಚೀಲ, ಸಿಲಿಕಾನ್ ಶೀಲ್ಡು, ಫೀಡಿಂಗ್ ದಿಂಬು, ಪ್ಯಾಡು, ಲ್ಯಾನೊಲಿನ್ ಮುಲಾಮು, ಸ್ಟೆರಿಲೈಸರ್, ಹಾಲು ಹೆಚ್ಚಿಸುವ ಪುಡಿ. ಎರಡು ಪಟ್ಟಿಯಲ್ಲೂ ಉಪಯೋಗಕ್ಕೆ ಬರುವುದಿದೆ, ಮೂಲೆ ಸೇರುವುದಿದೆ, ಹಾನಿ ಮಾಡುವುದೂ ಇದೆ. ಹೆರಿಗೆಗೆ ಮುಂಚೆಯೇ ಇದೆಲ್ಲವನ್ನೂ ತಂದು ಗುಡ್ಡೆ ಹಾಕಬೇಡಿ ಎಂದು ನಾನು ಬಲವಾಗಿ ಹೇಳುತ್ತೇನೆ. ಸಿಸೇರಿಯನ್ ಆದವಳಿಗೆ ಬೇಕಾದದ್ದು ಬೇರೆ, ತೊಟ್ಟು ಒಡೆದವಳಿಗೆ ಬೇಕಾದದ್ದು ಬೇರೆ, ಆರು ತಿಂಗಳಿಗೆ ಕೆಲಸಕ್ಕೆ ಮರಳುವವಳಿಗೆ ಬೇಕಾದದ್ದು ಇನ್ನೂ ಬೇರೆ. ಯಾವ ತೊಂದರೆಗೆ ಯಾವ ವಸ್ತು ಎಂದು ಮೊದಲೇ ತಿಳಿದಿದ್ದರೆ, ತೊಂದರೆ ಬಂದ ದಿನ ಹತ್ತಿರದ ಮೆಡಿಕಲ್ ಸ್ಟೋರಿಗೆ ಯಾರನ್ನಾದರೂ ಕಳಿಸಿದರಾಯಿತು.

ಯಾವ ಸಾಮಾನನ್ನಾದರೂ ಒರೆಗೆ ಹಚ್ಚಬೇಕಾದರೆ ಹಾಲು ಹೇಗೆ ಬರುತ್ತದೆ ಎಂಬುದು ಗೊತ್ತಿರಬೇಕು. ಕೂಸು ಚೀಪಿದಾಗ ತೊಟ್ಟಿನ ನರಗಳಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಎರಡು ಹಾರ್ಮೋನು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ತಯಾರಾದ ಹಾಲನ್ನು ತೊಟ್ಟಿನತ್ತ ತಳ್ಳುತ್ತದೆ. ರಾತ್ರಿ ಚೀಪಿದಾಗ ಪ್ರೊಲ್ಯಾಕ್ಟಿನ್ ಹೆಚ್ಚು ಹೊಮ್ಮುತ್ತದೆ. ನಡುರಾತ್ರಿಯ ಹಾಲೂಡಿಕೆ ಎಷ್ಟೇ ಆಯಾಸವೆನಿಸಿದರೂ ಬಿಡಬಾರದು ಎನ್ನುವುದು ಇದಕ್ಕೇ. ಎದೆ ಖಾಲಿಯಾದಷ್ಟೂ ಬೇಗ ತುಂಬುತ್ತದೆ, ತುಂಬಿಯೇ ಉಳಿದರೆ ತಯಾರಿ ತಗ್ಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಯಾವ ಡಬ್ಬಿ ಕೈಗೆತ್ತಿಕೊಂಡರೂ ಒಂದೇ ಪ್ರಶ್ನೆ ಸಾಕು: ಇದು ಎದೆಯಿಂದ ಹಾಲು ಹೊರಬರಲು ನೆರವಾಗುತ್ತದೆಯೋ, ಕೂಸನ್ನು ಎದೆಯಿಂದ ದೂರ ಮಾಡುತ್ತದೆಯೋ?

ಮೊದಲ ವಾರ

ಹೆರಿಗೆಯಾದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಗ ಬರುವ ಗಟ್ಟಿ ಹಳದಿ ಗಿಣ್ಣುಹಾಲು ಕೆಲವು ಚಮಚೆಯಷ್ಟೇ ಇದ್ದರೂ ಆ ಹೊತ್ತಿಗೆ ಅದೇ ಸಾಕು. ಈ ವಾರದಲ್ಲಿ ಕೊಳ್ಳಲೇಬೇಕಾದದ್ದು ಬಹಳ ಕಡಿಮೆ. ಮುಂದೆ ಹುಕ್ ಇರುವ ಸಡಿಲ ರವಿಕೆ, ಇಲ್ಲವೇ ಎದೆಯ ಬಳಿ ಜಿಪ್ ಇರುವ ಹತ್ತಿಯ ನೈಟಿ ನಾಲ್ಕಾರು. ಮೆತ್ತಗಾದ ಹಳೆಯ ಹತ್ತಿ ಸೀರೆಯನ್ನು ಹರಿದು ಮಾಡಿದ ಬಟ್ಟೆಗಳು ಎಷ್ಟಿದ್ದರೂ ಬೇಕು. ಬ್ರಾ ಹಾಕುವುದಾದರೆ ತಂತಿಯಿಲ್ಲದ್ದು, ಒತ್ತದಂಥದ್ದು. ಬಿಗಿಯಾದದ್ದು ಹಾಲು ಕಟ್ಟಿಕೊಳ್ಳಲು ದಾರಿ ಮಾಡುತ್ತದೆ.

ಫೀಡಿಂಗ್ ದಿಂಬಿಗೆಂದು ಬೇರೆ ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ. ಬೆನ್ನಿಗೆ ಒಂದು, ತೋಳಿನ ಕೆಳಗೆ ಒಂದು, ಮನೆಯ ದಿಂಬುಗಳೇ ಸಾಕು. ಕೂಸು ಎದೆಯ ಎತ್ತರಕ್ಕೆ ಬರಬೇಕೇ ಹೊರತು ತಾಯಿ ಕೂಸಿನ ಕಡೆಗೆ ಬಾಗಬಾರದು. ಸಿಸೇರಿಯನ್ ಆದವರು ಹೊಲಿಗೆಯ ಮೇಲೆ ಭಾರ ಬೀಳದಂತೆ ಕೂಸನ್ನು ಕಂಕುಳ ಕೆಳಗೆ ಪಕ್ಕಕ್ಕೆ ಹಿಡಿದು, ಕಾಲುಗಳು ಬೆನ್ನ ಹಿಂದೆ ಹೋಗುವಂತೆ ಕುಡಿಸಬಹುದು. ಅದಕ್ಕೆ ಪಕ್ಕದಲ್ಲಿ ಗಟ್ಟಿಯಾದ ದಿಂಬೊಂದನ್ನು ಇಟ್ಟುಕೊಂಡರೆ ಕೈಗೆ ಆಸರೆ.

ಮೊದಲ ವಾರದಲ್ಲಿ ಯಾವ ವಸ್ತುವಿಗಿಂತಲೂ ಹೆಚ್ಚಾಗಿ ಬೇಕಾದದ್ದು ಕೂಸು ಎದೆ ಹಿಡಿದಿರುವುದು ಸರಿಯಾಗಿದೆಯೇ ಎಂದು ನೋಡಿ ಹೇಳಬಲ್ಲ ಒಬ್ಬರು. ಬಾಯಿ ಅಗಲವಾಗಿ ತೆರೆದಿರಬೇಕು, ತೊಟ್ಟು ಮಾತ್ರವಲ್ಲದೆ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಆಸ್ಪತ್ರೆಯ ನರ್ಸ್‌ಗಳನ್ನು ಬಿಡುಗಡೆಗೆ ಮುಂಚೆಯೇ ಕೂರಿಸಿಕೊಂಡು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ನೋಡಬೇಕೆಂಬುದು ಸರ್ಕಾರದ ಕ್ರಮ. ಆ ಭೇಟಿಯಲ್ಲಿ ಕೂಸಿನ ತೂಕದ ಜೊತೆಗೆ ಅದು ಕುಡಿಯುವುದನ್ನೂ ನೋಡಿ ಎಂದು ಹೇಳಿ.

ಹಾಲು ಸಾಲುತ್ತಿದೆಯೇ ಎಂಬ ಆತಂಕವೇ ಅನೇಕ ಮನೆಗಳಲ್ಲಿ ಡಬ್ಬಿ ಪುಡಿಯನ್ನು ಒಳಗೆ ತರುತ್ತದೆ. ಅತ್ತರೆ ಹಾಲು ಸಾಲದು ಎಂದರ್ಥವಲ್ಲ. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಬಾರಿಯಾದರೂ ಚೆನ್ನಾಗಿ ಉಚ್ಚೆ ಹೊಯ್ದರೆ, ಹುಟ್ಟಿದ ತೂಕ ಎರಡು ವಾರದೊಳಗೆ ಮರಳಿ ಬಂದರೆ, ಹಾಲು ಸಾಲುತ್ತಿದೆ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜ. ತೂಕ ಬಾರದಿದ್ದರೆ, ಉಚ್ಚೆ ಕಡಿಮೆಯಾದರೆ, ಕೂಸು ಮಂಕಾಗಿ ಮಲಗಿಯೇ ಇದ್ದರೆ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ವೈದ್ಯರು ಮೇಲುಹಾಲು ಬೇಕೆಂದರೆ ಕೊಡಬೇಕು, ಅದರಲ್ಲಿ ತಾಯಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ತೊಟ್ಟು ನೋಯುವಾಗ

ಲ್ಯಾನೊಲಿನ್ ಎಂಬುದು ಕುರಿಯ ಉಣ್ಣೆಯಿಂದ ತೆಗೆದ ಮೇಣದಂಥ ಜಿಡ್ಡು. ಶುದ್ಧೀಕರಿಸಿದ ಲ್ಯಾನೊಲಿನ್ ಮುಲಾಮನ್ನು ಹಾಲೂಡಿಸುವ ಮುಂಚೆ ಒರೆಸಿ ತೆಗೆಯಬೇಕಿಲ್ಲ. ಒಡೆದ ತೊಟ್ಟಿಗೆ ಅದು ತಂಪು ಕೊಡುವುದು ನಿಜ. ಆದರೆ ತೊಟ್ಟು ಒಡೆಯುವುದು ಮುಲಾಮು ಹಚ್ಚದ್ದರಿಂದಲ್ಲ. ಬಹುಪಾಲು ಕೂಸು ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಚೀಪುವುದರಿಂದ. ಅದನ್ನು ಸರಿಪಡಿಸದೆ ಎಷ್ಟು ಟ್ಯೂಬು ಖಾಲಿ ಮಾಡಿದರೂ ಗಾಯ ಮತ್ತೆ ಬಿರಿಯುತ್ತದೆ. ಹಾಲೂಡಿಸಿದ ಮೇಲೆ ತಮ್ಮದೇ ಹಾಲಿನ ಒಂದೆರಡು ಹನಿ ಸವರಿ ಗಾಳಿಗೆ ಆರಬಿಡುವುದು ಖರ್ಚಿಲ್ಲದ ಉಪಾಯ. ಪ್ರತಿ ಸಲ ಸೋಪು ಹಾಕಿ ತೊಳೆಯುವುದು ಬೇಡ, ಚರ್ಮ ಇನ್ನಷ್ಟು ಒಣಗುತ್ತದೆ.

ಸಿಲಿಕಾನ್ ನಿಪ್ಪಲ್ ಶೀಲ್ಡನ್ನು ತೊಟ್ಟಿನ ಮೇಲೆ ಇಟ್ಟು ಅದರ ಮೂಲಕ ಕುಡಿಸುತ್ತಾರೆ. ದಿನ ತುಂಬದೆ ಹುಟ್ಟಿ ಚೀಪುವ ಬಲವಿಲ್ಲದ ಕೆಲವು ಕೂಸುಗಳಿಗೆ ಇದು ನಿಜಕ್ಕೂ ಸಹಾಯಕ. ಆದರೆ ನೋವಾಯಿತೆಂದು ತಾವಾಗಿಯೇ ತಂದು ಹಾಕಿಕೊಂಡರೆ ಹಾಲು ಪೂರ್ತಿ ಖಾಲಿಯಾಗದೆ ತಯಾರಿ ಕುಗ್ಗುವ ಅಪಾಯವಿದೆ. ತಿಳಿದವರ ಕಣ್ಣೆದುರು ಮಾತ್ರ ಬಳಸಬೇಕಾದ ವಸ್ತು ಇದು.

ತೊಟ್ಟು ಚಪ್ಪಟೆಯಾಗಿದ್ದರೆ, ಒಳಕ್ಕೆ ಸೇರಿದ್ದರೆ ನಮ್ಮ ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಬಳಸುತ್ತಿರುವ ಉಪಾಯವೊಂದಿದೆ. ಒಂದು 10 ಅಥವಾ 20 ಮಿಲಿ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. ಒತ್ತುವ ಕಡ್ಡಿಯನ್ನು ಹೊರತೆಗೆದು ಕತ್ತರಿಸಿದ ಕಡೆಯಿಂದ ತೂರಿಸುತ್ತಾರೆ. ಹೀಗೆ ಮಾಡಿದಾಗ ಸಿರಿಂಜಿನ ನುಣುಪಾದ ಅಂಚು ಎದೆಯ ಕಡೆಗೆ ಬರುತ್ತದೆ. ಅದನ್ನು ತೊಟ್ಟಿನ ಮೇಲಿಟ್ಟು ಕಡ್ಡಿಯನ್ನು ನೋಯದಷ್ಟು ಮೆಲ್ಲಗೆ ಎಳೆದು, ಅರ್ಧದಿಂದ ಒಂದು ನಿಮಿಷ ಹಿಡಿದು, ಮೆಲ್ಲಗೆ ಬಿಟ್ಟು ಆಮೇಲೆ ತೆಗೆಯಬೇಕು. ಹಾಲೂಡಿಸುವ ಮುಂಚೆ ಹೀಗೆ ಮಾಡಿದರೆ ಕೂಸಿಗೆ ಹಿಡಿಯಲು ತೊಟ್ಟು ಸಿಗುತ್ತದೆ. ಕತ್ತರಿಸಿದ ಒರಟು ಅಂಚು ಎಂದೂ ಚರ್ಮಕ್ಕೆ ತಾಗಬಾರದು. ಮೊದಲ ಸಲ ನರ್ಸ್ ಕೈಯಲ್ಲಿ ಮಾಡಿಸಿಕೊಂಡು ಕಲಿತರೆ ಒಳ್ಳೆಯದು. ಇಷ್ಟು ಅಗ್ಗದ, ಇಷ್ಟು ಪ್ರಯೋಜನದ ಸಾಮಾನು ಬಾಣಂತಿಯ ಕೋಣೆಯಲ್ಲಿ ಇನ್ನೊಂದಿಲ್ಲ.

ಹಾಲು ಸೋರಿ ರವಿಕೆ ಒದ್ದೆಯಾಗುವುದಕ್ಕೆ ಪ್ಯಾಡುಗಳಿವೆ. ಮನೆಯಲ್ಲಿರುವಾಗ ಮಡಚಿದ ಹತ್ತಿ ಬಟ್ಟೆ, ಹೊರಗೆ ಹೋಗುವಾಗ ಒಮ್ಮೆ ಬಳಸಿ ಎಸೆಯುವಂಥದ್ದು. ಯಾವುದಾದರೂ ಒದ್ದೆಯಾದ ಕೂಡಲೆ ಬದಲಿಸಬೇಕು, ತೇವದಲ್ಲಿ ಬೂಷ್ಟಿನ ಸೋಂಕು ಬೆಳೆಯುತ್ತದೆ.

ಮೂರನೇ, ನಾಲ್ಕನೇ ದಿನ ಹಾಲು ಒಮ್ಮೆಲೇ ತುಂಬಿ ಎದೆ ಕಲ್ಲಾಗುತ್ತದಲ್ಲ, ಆಗ ಕೈಯಲ್ಲಿ ಒತ್ತಿ ಒತ್ತಿ ತಿಕ್ಕುವುದು ಮನೆಗಳಲ್ಲಿ ರೂಢಿ. ಅದು ಬೇಡ, ಒಳಗಿನ ಊತ ಹೆಚ್ಚುತ್ತದೆ. ಕೂಸಿಗೆ ಪದೇ ಪದೇ ಕುಡಿಸಿ, ನಡುನಡುವೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಅಥವಾ ಬಟ್ಟೆ ಸುತ್ತಿದ ಐಸ್ ಇಟ್ಟರೆ ಊತ ಇಳಿಯುತ್ತದೆ. ಕಪ್ಪು ಭಾಗವೇ ಗಟ್ಟಿಯಾಗಿ ಕೂಸಿಗೆ ಹಿಡಿಯಲಾಗದಿದ್ದರೆ ಸ್ವಲ್ಪವೇ ಹಾಲು ಹಿಂಡಿ ಮೆತ್ತಗೆ ಮಾಡಿ ಎದೆಗೆ ಹಾಕಿ. ಕೆಂಪಾಗಿ, ಜ್ವರ ಬಂದು, ಒಂದು ದಿನ ಕಳೆದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಆಗಲೂ ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ.

ಕೈಯೋ, ಪಂಪೋ

ಪಂಪು ಕೊಳ್ಳುವ ಯೋಚನೆಗೆ ಮುಂಚೆ ಕೈಯಲ್ಲಿ ಹಾಲು ಹಿಂಡಲು ಎಲ್ಲ ತಾಯಂದಿರೂ ಕಲಿತಿರಬೇಕು. ಕರೆಂಟು ಹೋದಾಗ, ಬಸ್ಸಿನಲ್ಲಿ, ಕೂಸು ಐಸಿಯುನಲ್ಲಿರುವಾಗ ಮೊದಲು ಕೈಗೂಡುವುದು ಇದೇ. ಮೊದಲೆರಡು ದಿನದ ಅಂಟು ಗಿಣ್ಣುಹಾಲು ಪಂಪಿಗಿಂತ ಕೈಗೇ ಚೆನ್ನಾಗಿ ಬರುತ್ತದೆ. ಪಂಪಿನ ಗೋಡೆಗೆ ಅಂಟಿ ಹೋಗುವಷ್ಟೇ ಅದು ಇರುತ್ತದೆ. ಕೈ ತೊಳೆದುಕೊಂಡು, ಬಿಸಿನೀರಲ್ಲಿ ತೊಳೆದ ಅಗಲ ಬಾಯಿಯ ಬಟ್ಟಲನ್ನು ಹಿಡಿದು ಆರಾಮವಾಗಿ ಕೂರಬೇಕು. ಬೆನ್ನು, ಹೆಗಲನ್ನು ಯಾರಾದರೂ ಮೆಲ್ಲಗೆ ನೀವಿದರೆ ಹಾಲು ಬೇಗ ಇಳಿಯುತ್ತದೆ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಒಂದರತ್ತ ಒಂದು ಅದುಮಿ, ಬಿಡಬೇಕು. ಒತ್ತು, ಅದುಮು, ಬಿಡು, ಇದೇ ಲಯ. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಎಳೆಯಲೇಬಾರದು. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ಕೈಬಿಡಬೇಡಿ. ಹನಿ ಬಂದು, ಆಮೇಲೆ ಎಳೆ ಎಳೆಯಾಗಿ ಚಿಮ್ಮುತ್ತದೆ. ಬೆರಳುಗಳನ್ನು ಸುತ್ತ ತಿರುಗಿಸುತ್ತಾ ಎಲ್ಲ ದಿಕ್ಕಿನಿಂದಲೂ ಹಿಂಡಬೇಕು.

ಇನ್ನು ಪಂಪು. ಹಳೆಯ ಆಟೋ ಹಾರನ್ನಿನಂತೆ ರಬ್ಬರ್ ಚೆಂಡು ಇರುವ ಗಾಜಿನ ಪಂಪು ಇಂದಿಗೂ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ, ಎಲ್ಲಕ್ಕಿಂತ ಅಗ್ಗ. ಅದನ್ನು ಕೊಳ್ಳಲೇಬೇಡಿ. ಎಳೆತವನ್ನು ಹಿಡಿತದಲ್ಲಿಡಲಾಗದೆ ತೊಟ್ಟಿಗೆ ಪೆಟ್ಟಾಗುತ್ತದೆ, ಹಾಲು ರಬ್ಬರ್ ಚೆಂಡಿನೊಳಗೆ ಸೇರಿದರೆ ತೊಳೆಯಲು ದಾರಿಯಿಲ್ಲ. ಅದಕ್ಕಿಂತ ಬರಿಗೈ ಎಷ್ಟೋ ಮೇಲು. ವಾರಕ್ಕೆ ಒಂದೆರಡು ಸಲ ಹೊರಗೆ ಹೋಗುವವರಿಗೆ ಹಿಡಿಕೆ ಒತ್ತುವ ಕೈಪಂಪು ಸಾಕು. ಪ್ರತಿದಿನ ಕೆಲಸದ ಜಾಗದಲ್ಲಿ ಹಾಲು ತೆಗೆಯುವವರಿಗೆ ಎರಡೂ ಎದೆಯಿಂದ ಒಟ್ಟಿಗೆ ತೆಗೆಯುವ ಎಲೆಕ್ಟ್ರಿಕ್ ಪಂಪು ಸಮಯ ಉಳಿಸುತ್ತದೆ. ದಿನ ತುಂಬದ ಕೂಸು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದರೆ ಆಸ್ಪತ್ರೆ ದರ್ಜೆಯ ದೊಡ್ಡ ಯಂತ್ರ ಬೇಕು. ಅದನ್ನು ಕೊಳ್ಳಬೇಕಿಲ್ಲ, ದೊಡ್ಡ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಬ್ರಾದೊಳಗೆ ಇಟ್ಟುಕೊಂಡು ಓಡಾಡುವ ಪಂಪುಗಳು ಈಗ ಬಂದಿವೆ. ಹಾಲು ಚೆನ್ನಾಗಿ ಕುದುರಿದ ಮೇಲೆ ಎರಡನೇ ಪಂಪಾಗಿ ಅವು ಸರಿ, ಮೊದಲನೆಯದಾಗಿ ಬೇಡ ಎನ್ನುವುದು ನನ್ನ ಸಲಹೆ.

ಪಂಪಿನ ವಿಷಯದಲ್ಲಿ ಅಂಗಡಿಯವರು ಹೇಳದ ಒಂದು ಮಾತಿದೆ. ಎದೆಗೆ ಒತ್ತಿಕೊಳ್ಳುವ ಆಲಿಕೆಯಾಕಾರದ ಭಾಗಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ. ಅದರ ಅಳತೆ ನಿಮ್ಮ ತೊಟ್ಟಿಗೆ ಹೊಂದಬೇಕು, ಎದೆಯ ಗಾತ್ರಕ್ಕಲ್ಲ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 24 ಮಿಲಿಮೀಟರ್ ಆಸುಪಾಸಿನದು ಬರುತ್ತದೆ. ಅದು ಅನೇಕರಿಗೆ ದೊಡ್ಡದಾಗುತ್ತದೆ, ಕೆಲವರಿಗೆ ಚಿಕ್ಕದಾಗುತ್ತದೆ. ತೊಟ್ಟಿನ ಬುಡದ ಅಗಲವನ್ನು ಸ್ಕೇಲಿನಲ್ಲಿ ಅಳೆದು ಅದಕ್ಕಿಂತ ತುಸು ದೊಡ್ಡದನ್ನು ತರಿಸಿಕೊಳ್ಳಿ. ಬೇರೆ ಬೇರೆ ಅಳತೆಯವು ಬಿಡಿಯಾಗಿ ಸಿಗುತ್ತವೆ. ಪಂಪು ಓಡುವಾಗ ತೊಟ್ಟು ಗೋಡೆಗೆ ಉಜ್ಜದೆ ಹಿಂದೆ ಮುಂದೆ ಸರಾಗವಾಗಿ ಆಡಬೇಕು, ಕಪ್ಪು ಭಾಗ ಹೆಚ್ಚಾಗಿ ಒಳಗೆ ಎಳೆದುಕೊಳ್ಳಬಾರದು. ‘ಪಂಪಿನಿಂದ ನನಗೆ ಹಾಲೇ ಬರುವುದಿಲ್ಲ’ ಎನ್ನುವವರಲ್ಲಿ ಎಷ್ಟೋ ಜನರ ತೊಂದರೆ ಈ ಅಳತೆಯದು. ಎಳೆತವನ್ನು ಜೋರು ಮಾಡಿದರೆ ಹೆಚ್ಚು ಬರುತ್ತದೆ ಎಂಬುದೂ ತಪ್ಪು. ನೋವಾದರೆ ಆಕ್ಸಿಟೋಸಿನ್ ಹಿಂಜರಿಯುತ್ತದೆ, ಹಾಲು ಇಳಿಯುವುದೇ ಇಲ್ಲ. ಮೊದಲು ವೇಗವಾದ ಹಗುರ ಎಳೆತ, ಹಾಲು ಇಳಿದ ಮೇಲೆ ನಿಧಾನದ ಆಳವಾದ ಎಳೆತ, ಒಟ್ಟು 15-20 ನಿಮಿಷ. ಕೂಸಿನ ಫೋಟೋವನ್ನೋ ಅದು ತೊಟ್ಟಿದ್ದ ಬಟ್ಟೆಯನ್ನೋ ಹತ್ತಿರ ಇಟ್ಟುಕೊಂಡರೆ ಹಾಲು ಇಳಿಯಲು ನೆರವಾಗುತ್ತದೆ. ಪಂಪಿನಲ್ಲಿ ಬಂದ ಹಾಲಿನ ಪ್ರಮಾಣ ನೋಡಿ ನಿಮ್ಮ ಹಾಲು ಕಡಿಮೆ ಎಂದು ತೀರ್ಮಾನಿಸಬೇಡಿ. ಕೂಸಿನಷ್ಟು ಚೆನ್ನಾಗಿ ಹಾಲು ತೆಗೆಯುವ ಯಂತ್ರ ಇನ್ನೂ ಹುಟ್ಟಿಲ್ಲ.

ಒಂದು ಎದೆಯಲ್ಲಿ ಕೂಸು ಕುಡಿಯುವಾಗ ಇನ್ನೊಂದರಿಂದ ಸೋರುವ ಹಾಲನ್ನು ಹಿಡಿಯಲು ಎದೆಗೆ ತಾನಾಗಿ ಅಂಟಿ ಕೂರುವ ಸಿಲಿಕಾನ್ ಬಟ್ಟಲು ಬರುತ್ತದೆ. ಕರೆಂಟು ಬೇಡ, ತೊಳೆಯುವುದು ಸುಲಭ. ಬಹಳ ಸೋರುವವರಿಗೆ ಒಳ್ಳೆಯದು. ಹಾಲು ಈಗಾಗಲೇ ಅತಿಯಾಗಿರುವವರು ದಿನವಿಡೀ ಹಾಕಿಕೊಂಡರೆ ಇನ್ನೂ ಹೆಚ್ಚುತ್ತದೆ.

ತೆಗೆದ ಹಾಲನ್ನು ಕಾಯುವುದು

ಹಾಲಿಡಲು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಅಥವಾ ಗಾಜಿನ ಡಬ್ಬಿ ನನ್ನ ಮೊದಲ ಆಯ್ಕೆ. ಫ್ರೀಜರಿನಲ್ಲಿಡುವುದಾದರೆ ಅದಕ್ಕೆಂದೇ ಮಾಡಿದ ಚೀಲಗಳು ಜಾಗ ಉಳಿಸುತ್ತವೆ. ಹೆಪ್ಪುಗಟ್ಟಿದಾಗ ಹಾಲು ಹಿಗ್ಗುವುದರಿಂದ ಬಾಯಿತನಕ ತುಂಬಬಾರದು. ಒಂದು ಡಬ್ಬಿಗೆ 50ರಿಂದ 100 ಮಿಲಿ ಸಾಕು. ಹೆಚ್ಚು ತುಂಬಿದರೆ ಉಳಿದದ್ದನ್ನು ಚೆಲ್ಲಬೇಕಾಗುತ್ತದೆ, ಕಷ್ಟಪಟ್ಟು ತೆಗೆದ ಹಾಲು ಚೆಲ್ಲುವ ಸಂಕಟ ಯಾವ ತಾಯಿಗೂ ಬೇಡ. ಮೇಲೆ ದಿನಾಂಕ, ಗಂಟೆ ಬರೆಯಲು ಒಂದು ಅಂಟುಪಟ್ಟಿ ಮತ್ತು ಪೆನ್ನು ಫ್ರಿಜ್ಜಿನ ಮೇಲೇ ಇರಲಿ.

25 ಡಿಗ್ರಿಯವರೆಗಿನ ಕೋಣೆಯಲ್ಲಿ ಈಗತಾನೆ ತೆಗೆದ ಹಾಲು 4 ಗಂಟೆ ಇರುತ್ತದೆ. ಫ್ರಿಜ್ಜಿನಲ್ಲಿ 4 ದಿನ. ಪ್ರತ್ಯೇಕ ಬಾಗಿಲಿನ ಒಳ್ಳೆಯ ಫ್ರೀಜರಿನಲ್ಲಿ 6 ತಿಂಗಳು. ಫ್ರಿಜ್ಜಿನ ಬಾಗಿಲಲ್ಲಿ ಇಡಬಾರದು, ತೆರೆದಾಗಲೆಲ್ಲ ಅಲ್ಲಿ ಬಿಸಿ ತಾಗುತ್ತದೆ. ಹಿಂದಿನ ಗೋಡೆಯ ಕಡೆ ಇಡಿ. ಬೆಂಗಳೂರು, ಮಡಿಕೇರಿಯ ಚಳಿಗಾಲಕ್ಕೆ ಈ ನಾಲ್ಕು ಗಂಟೆಯ ಲೆಕ್ಕ ಸರಿ. ರಾಯಚೂರು, ಕಲಬುರಗಿ, ಬಳ್ಳಾರಿಯಂಥ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಅದನ್ನು ನಂಬಬೇಡಿ, ಹಾಲನ್ನು ಕೂಡಲೇ ತಂಪಿಗೆ ಸೇರಿಸಬೇಕು. ಐಸ್ ಪ್ಯಾಕ್ ಇಟ್ಟ ದಪ್ಪಗಿನ ಕೂಲರ್ ಚೀಲದಲ್ಲಿ ಹಾಲು 24 ಗಂಟೆ ಕೆಡುವುದಿಲ್ಲ. ಕೆಲಸಕ್ಕೆ ಹೋಗುವವರು ಪಂಪಿಗೆ ಹಣ ಹಾಕುವಾಗ ಈ ಚೀಲವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತಣ್ಣಗಿನ ಹಾಲನ್ನು ಒಲೆಯ ಮೇಲಿಟ್ಟು ಕಾಯಿಸಬಾರದು, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಅಲ್ಲಿ ಒಂದು ಕಡೆ ಕುದಿಯುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಇದ್ದು ಕೂಸಿನ ಬಾಯಿ ಸುಡುತ್ತದೆ. ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಡಬ್ಬಿಯನ್ನು ಇಟ್ಟರೆ ಸಾಕು. ಬಾಟಲಿ ವಾರ್ಮರ್ ಎಂಬ ಯಂತ್ರ ಮಾಡುವುದೂ ಅದನ್ನೇ. ಫ್ರಿಜ್ಜಿನಲ್ಲಿಟ್ಟ ಹಾಲು ಕೆನೆ ಬೇರೆ, ನೀರು ಬೇರೆಯಾಗಿ ಕಾಣುವುದನ್ನು ನೋಡಿ ಒಡೆದಿದೆ ಎಂದು ಚೆಲ್ಲಿಬಿಡುತ್ತಾರೆ. ಮೆಲ್ಲಗೆ ತಿರುವಿದರೆ ಬೆರೆಯುತ್ತದೆ. ಫ್ರೀಜರಿನಿಂದ ಇಳಿಸಿ ಕರಗಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು, ಮತ್ತೆ ಫ್ರೀಜರಿಗೆ ಹಾಕಬಾರದು. ಕೂಸು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯ ನಂತರ ಇಟ್ಟುಕೊಳ್ಳಬಾರದು.

ಸ್ಟೆರಿಲೈಸರ್ ಬದಲು ಮುಚ್ಚಳವಿರುವ ಒಂದು ಪಾತ್ರೆ ಸಾಕು. ಹಾಲು ತಾಗುವ ಭಾಗಗಳನ್ನೆಲ್ಲ ಪ್ರತಿ ಸಲ ಬಿಚ್ಚಿ, ಅದಕ್ಕೆಂದೇ ಇಟ್ಟ ಬೇಸಿನ್‌ನಲ್ಲಿ ಸೋಪು ನೀರಲ್ಲಿ ತೊಳೆದು, 5 ನಿಮಿಷ ಕುದಿಸಿ, ಒರೆಸದೆ ಗಾಳಿಗೆ ಆರಬಿಡಬೇಕು. ಎರಡು ತಿಂಗಳೊಳಗಿನ ಕೂಸಿಗೆ, ದಿನ ತುಂಬದೆ ಹುಟ್ಟಿದ್ದಕ್ಕೆ, ದಿನಕ್ಕೊಮ್ಮೆಯಾದರೂ ಕುದಿಸುವುದನ್ನು ತಪ್ಪಿಸಬಾರದು.

ಒಳಲೆಯ ಮಾತು

ತಾಯಿ ಮನೆಯಲ್ಲಿಲ್ಲದಾಗ ಆ ಹಾಲನ್ನು ಕುಡಿಸುವುದು ಯಾವುದರಲ್ಲಿ? ನಮ್ಮ ಅಜ್ಜಿಯರ ಪಟ್ಟಿಯಲ್ಲಿ ಇದ್ದ ಒಳಲೆ, ಆ ಮೂತಿಯಿರುವ ಪುಟ್ಟ ಬಟ್ಟಲು, ಇಲ್ಲಿ ಬಾಟಲಿಯನ್ನು ಗೆಲ್ಲುತ್ತದೆ. ಬಾಟಲಿಯ ನಿಪ್ಪಲ್ಲು, ಮೂಲೆ, ತಿರುಪುಗಳಲ್ಲಿ ಹಾಲಿನ ಜಿಡ್ಡು ಕೂತು ಸೋಂಕು ಬೆಳೆಯುತ್ತದೆ. ಒಳಲೆಗೆ ಮೂಲೆಯೇ ಇಲ್ಲ, ತೊಳೆದು ಕುದಿಸುವುದು ಕ್ಷಣದ ಕೆಲಸ. ದೇಶದ ಅನೇಕ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಇಂದಿಗೂ ದಿನ ತುಂಬದ ಕೂಸುಗಳಿಗೆ ಇದೇ ಪಾತ್ರೆಯಲ್ಲಿ, ಪಲಡೈ ಎಂಬ ಹೆಸರಲ್ಲಿ, ಹಾಲು ಕೊಡುತ್ತಾರೆ. ಬೆಳ್ಳಿಯದೇ ಆಗಬೇಕಿಲ್ಲ, ಸ್ಟೀಲಿನದು ಚೆನ್ನಾಗಿ ತೊಳೆಯಲು ಬರುತ್ತದೆ.

ಆದರೆ ಒಳಲೆ ಹಿಡಿಯುವ ಹಳೆಯ ರೀತಿ ಬಿಡಬೇಕು. ಕಾಲು ಚಾಚಿ ಅದರ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಬಾಯಿ ಒತ್ತಿ ತೆರೆದು, ಗಂಟಲಿಗೆ ಸುರಿಯುವ ಕ್ರಮದಲ್ಲಿ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಕೂಸು ಎಚ್ಚರವಿರಬೇಕು, ತೊಡೆಯ ಮೇಲೆ ತಲೆ ಎತ್ತರವಾಗಿ, ಹೆಚ್ಚುಕಡಿಮೆ ಕೂತಂತೆ ಇರಬೇಕು. ಒಳಲೆಯ ಮೂತಿ ಕೆಳದುಟಿಯ ಮೇಲೆ ಬಾಯಿಯ ಅಂಚಿಗೆ ತಾಗಿರಲಿ. ಸ್ವಲ್ಪ ಬಾಗಿಸಿದರೆ ಹಾಲು ತುಟಿಗೆ ಬರುತ್ತದೆ; ಕೂಸು ನೆಕ್ಕಿ, ನುಂಗಿದ ಮೇಲೆ ಮುಂದಿನ ಗುಟುಕು. ಅತ್ತರೆ, ಮುಖ ತಿರುಗಿಸಿದರೆ ನಿಲ್ಲಿಸಬೇಕು. ಅತ್ತೆಯೋ ಆಯಾ ಅಮ್ಮನೋ ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ತಾಯಿ ಕೆಲಸಕ್ಕೆ ಹೊರಡುವ ಎರಡು ಮೂರು ವಾರ ಮೊದಲೇ ಅವರ ಕೈಯಲ್ಲೇ ಕುಡಿಸಿ ರೂಢಿ ಮಾಡಿಸಬೇಕು.

ಅದೇ ಒಳಲೆಯಲ್ಲಿ ಬಜೆ, ಸುತ್ತುಖಾರ, ಜೇನು, ಗ್ರೈಪ್ ವಾಟರ್ ಕೂಡ ಕೂಸಿನ ಬಾಯಿಗೆ ಹೋಗುತ್ತದೆ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ. ಜೇನಿನಲ್ಲಿ ಬಾಟುಲಿಸಂ ಎಂಬ ಮಾರಕ ರೋಗದ ಬೀಜಾಣುಗಳು ಇರಬಹುದಾದ್ದರಿಂದ ಅದು ಒಂದು ವರ್ಷ ತುಂಬುವವರೆಗೂ ನಿಷಿದ್ಧ. ಹೊರಗಿನಿಂದ ಕೊಡಬೇಕಾದದ್ದು ವೈದ್ಯರು ಬರೆಯುವ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ಒಂದು ವರ್ಷದವರೆಗೆ. ಎದೆಹಾಲಿನಲ್ಲಿ ಕಡಿಮೆಯಿರುವ ಅಂಶ ಅದು.

ಬಾಟಲಿಯ ಬಗ್ಗೆ ಕಾನೂನೂ ಕಟ್ಟುನಿಟ್ಟು. 1992ರ ಶಿಶು ಹಾಲು ಬದಲಿಗಳ ಕಾಯಿದೆ, 2003ರ ತಿದ್ದುಪಡಿಯೊಂದಿಗೆ, ಹಾಲಿನ ಪುಡಿ, ಹಾಲೂಡಿಸುವ ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಆಹಾರ ಇವುಗಳ ಜಾಹೀರಾತನ್ನೇ ನಿಷೇಧಿಸಿದೆ. ಉಚಿತ ಮಾದರಿ, ಉಡುಗೊರೆ, ರಿಯಾಯಿತಿ ಕೊಡುವಂತಿಲ್ಲ; ಆಸ್ಪತ್ರೆಯ ಮೂಲಕ ತಾಯಂದಿರಿಗೆ ತಲುಪಿಸುವಂತೆಯೂ ಇಲ್ಲ. ಬಿಡುಗಡೆಯ ದಿನ ಕೈಗಿಟ್ಟ ಚೀಲದಲ್ಲಿ ಪುಡಿಯ ಡಬ್ಬಿಯೋ ಬಾಟಲಿಯೋ ಇದ್ದರೆ ಅದು ಕಾನೂನು ಒಪ್ಪುವ ಉಡುಗೊರೆಯಲ್ಲ.

ಹಾಲು ಹೆಚ್ಚಿಸುವ ಡಬ್ಬಿಗಳು

ಶತಾವರಿ, ಮೆಂತ್ಯ ಬೆರೆಸಿದ ಪುಡಿ, ಬಿಸ್ಕತ್ತು, ಲೇಹ್ಯಗಳು ದುಬಾರಿ ಬೆಲೆಗೆ ಬರುತ್ತವೆ. ಹಾಲು ಹೆಚ್ಚುವುದು ಹೆಚ್ಚು ಸಲ ಕುಡಿಸಿ ಎದೆ ಖಾಲಿ ಮಾಡುವುದರಿಂದ. ಆ ಜಾಗವನ್ನು ಯಾವ ಡಬ್ಬಿಯೂ ತುಂಬದು. ಆ ದುಡ್ಡು ತಾಯಿಯ ತಟ್ಟೆಗೆ ಹೋಗಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು, ಬಸುರಿಯಲ್ಲಿ ಬೇಕಾಗುವುದಕ್ಕಿಂತಲೂ ಜಾಸ್ತಿ. ಸಬ್ಬಸಿಗೆ ಪಲ್ಯ, ಅಳವಿ ಪಾಯಸ, ಬೆಳ್ಳುಳ್ಳಿ ಒಗ್ಗರಣೆ, ಉತ್ತರ ಕರ್ನಾಟಕದ ಅಂಟಿನ ಉಂಡೆ, ಇವನ್ನೆಲ್ಲ ಸಂತೋಷವಾಗಿ ತಿನ್ನಬಹುದು. ಆದರೆ ಬಾಣಂತಿಗೆ ಬೇಳೆ ಬೇಡ, ಸೊಪ್ಪು ಬೇಡ, ಹಣ್ಣು ನೆಗಡಿ, ಬರೀ ಬಿಳಿ ಅನ್ನ ಮತ್ತು ಮೆಣಸಿನ ಸಾರು ಎಂಬ ಪಥ್ಯ ನನ್ನನ್ನು ಕಂಗೆಡಿಸುತ್ತದೆ. ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್ ಎಂಬ ಬಿ1 ವಿಟಮಿನ್ ಬಹುಪಾಲು ಉಳಿದಿರುವುದಿಲ್ಲ. ತಾಯಿಯಲ್ಲಿ ಅದು ತೀರಾ ಕಡಿಮೆಯಾದರೆ ಹಾಲಲ್ಲೂ ಕಡಿಮೆಯಾಗಿ ಕೂಸಿಗೆ ಪ್ರಾಣಕ್ಕೇ ಅಪಾಯ ತರುವ ಬೆರಿಬೆರಿ ಬರಬಹುದು. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ನೀರನ್ನು ಅಳೆದು ಕೊಡುವುದೂ ಕ್ರೂರ. ಹಾಲೂಡಿಸಲು ಕೂತಾಗ ಬಾಯಾರುತ್ತದೆ. ಕೈಗೆಟಕುವಲ್ಲಿ ಒಂದು ಚೊಂಬು ನೀರಿರಲಿ, ಅದೂ ಸಾಮಾನಿನ ಪಟ್ಟಿಯಲ್ಲಿ ಸೇರಬೇಕಾದದ್ದೇ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರ ಆರು ತಿಂಗಳು ನುಂಗಬೇಕು. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟವಿದೆ. ಹೆಸರು ಬರೆಸಿಕೊಳ್ಳಲು ಮರೆಯಬೇಡಿ.

ಕೆಲಸಕ್ಕೆ ಮರಳುವಾಗ

ಹೆರಿಗೆ ರಜೆಯ ಕಾಯಿದೆಗೆ ಆದ 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಕೆಯ ಬಿಡುವು 1961ರ ಮೂಲ ಕಾಯಿದೆಯಲ್ಲೇ ಇತ್ತು. ಪಂಪು ಕೊಳ್ಳುವ ಮುಂಚೆ ಈ ಬಿಡುವನ್ನು ಕೇಳಿ ಪಡೆಯಿರಿ. ಬಾಗಿಲಿಗೆ ಚಿಲಕವಿರುವ, ಪ್ಲಗ್ ಪಾಯಿಂಟ್ ಇರುವ ಒಂದು ಕೋಣೆ ಬೇಕೆಂದು ಬರೆದು ಕೊಡಿ. ಶೌಚಾಲಯದಲ್ಲಿ ಕೂತು ಕೂಸಿನ ಊಟ ತಯಾರಿಸಿ ಎಂದು ಯಾರೂ ಹೇಳುವಂತಾಗಬಾರದು.

ಒಂದರಿಂದ ಆರು ತಿಂಗಳ ಕೂಸು ದಿನಕ್ಕೆ ಸರಾಸರಿ 750-800 ಮಿಲಿ ಕುಡಿಯುತ್ತದೆ. ಅಂದರೆ ತಾಯಿ ಹೊರಗಿರುವ ಗಂಟೆಗೆ 30 ಮಿಲಿಯಂತೆ, ಒಂಬತ್ತು ಗಂಟೆಗೆ 270-300 ಮಿಲಿ ಮನೆಯಲ್ಲಿದ್ದರೆ ಸಾಕು. ಫ್ರೀಜರ್ ತುಂಬ ಚೀಲಗಳ ಸಾಲು ನೋಡಿ ಯಾರೂ ಹೆದರಬೇಕಿಲ್ಲ. ಮೊದಲ ದಿನಕ್ಕೊಂದಿಷ್ಟು ಹಾಲು, ಒಂದು ದಿನದ ಮುಂಗಡ, ಅಷ್ಟು ಸಾಕು. ಇವತ್ತು ಕಚೇರಿಯಲ್ಲಿ ತೆಗೆದದ್ದು ನಾಳೆಗೆ. ಮನೆಗೆಲಸಕ್ಕೆ, ಕೂಲಿಗೆ ಹೋಗುವ ತಾಯಿಗೆ ಈ ರಜೆಯೂ ಇಲ್ಲ, ಕೋಣೆಯೂ ಇಲ್ಲ. ಆಕೆಗೆ ಸಿಗುವುದು ಕೈ, ಒಂದು ಸ್ಟೀಲ್ ಡಬ್ಬಿ, ಒಂದು ಒಳಲೆ. ಹೊರಡುವ ಮುನ್ನ ಕುಡಿಸಿ, ಉಳಿದದ್ದನ್ನು ಹಿಂಡಿಟ್ಟು, ಬಂದ ಕೂಡಲೇ ಮತ್ತೆ ಎದೆಗೆ ಹಾಕಿದರೆ ಹಾಲು ಬತ್ತುವುದಿಲ್ಲ. ಹಿಂಡುವುದನ್ನು ಆಕೆಗೆ ಆಸ್ಪತ್ರೆಯಲ್ಲೇ ಕಲಿಸಿ ಕಳಿಸಬೇಕು.

ಹಾಲು ಹೆಚ್ಚಾಗಿ ಉಳಿಯುವವರು ಅದನ್ನು ಎದೆಹಾಲಿನ ಬ್ಯಾಂಕಿಗೆ ಕೊಡಬಹುದು. ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಬ್ಯಾಂಕ್ ಕಟ್ಟಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಈಗ ಬ್ಯಾಂಕ್ ಇದೆ. ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಾಯಿಯ ಹಾಲು ಸಿಗದ ಎಳೆಗೂಸುಗಳಿಗೆ ಕೊಡುತ್ತಾರೆ. ಎದೆಹಾಲನ್ನು ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಆನ್‌ಲೈನ್‌ನಲ್ಲಿ ಎದೆಹಾಲು ಎಂದು ಬರುವುದನ್ನು ಎಂದೂ ಕೊಳ್ಳಬೇಡಿ.

ಹಾಲೂಡಿಸುವುದು ಮುಗಿದ ಮೇಲೆ ಪಂಪನ್ನು ತಂಗಿಗೋ ನಾದಿನಿಗೋ ಕೊಡುವ ಮನಸ್ಸಾಗುತ್ತದೆ. ಒಬ್ಬರ ಬಳಕೆಗೆಂದು ಮಾಡಿದ ಪಂಪಿನ ಕೊಳವೆ, ಮೋಟಾರಿನೊಳಗೆ ಹಾಲಿನ ಕಣ ಸೇರಿದ್ದರೆ ತೊಳೆದು ತೆಗೆಯಲಾಗದು, ಅಂಥದ್ದನ್ನು ಕೊಡಬೇಡಿ, ಸೆಕೆಂಡ್ ಹ್ಯಾಂಡ್ ಎಂದು ಕೊಳ್ಳಲೂ ಬೇಡಿ. ಬಾಡಿಗೆಯ ಆಸ್ಪತ್ರೆ ದರ್ಜೆಯ ಯಂತ್ರ ಹಲವರು ಬಳಸಲೆಂದೇ ಮಾಡಿದ್ದು. ಅದರಲ್ಲಿ ಹಾಲು ತಾಗುವ ಕಿಟ್ ಮಾತ್ರ ಪ್ರತಿಯೊಬ್ಬರಿಗೂ ಹೊಸದಾಗಿರಬೇಕು. ಸ್ಟೀಲ್ ಡಬ್ಬಿ, ಒಳಲೆ, ಕೂಲರ್ ಚೀಲ, ಜಿಪ್ಪಿನ ನೈಟಿಗಳನ್ನು ಧಾರಾಳವಾಗಿ ಕೊಡಬಹುದು.